ಟೈಮ್‌ಶೇರ್ ರಜಾ ಸದಸ್ಯತ್ವ

ಟೈಮ್‌ಶೇರ್ ರಜಾ ಸದಸ್ಯತ್ವ ಎಂಬುದು ವಿಹಾರಧಾಮಗಳಲ್ಲಿ ಪ್ರತಿವರ್ಷ ನಿಗದಿತ ಸಂಖ್ಯೆಯ ರಾತ್ರಿಗಳನ್ನು ತಂಗುವ ಹಕ್ಕನ್ನು, ಹಲವು ವರ್ಷಗಳ ಅವಧಿಗೆ, ಮುಂಗಡವಾಗಿ ಹಣ ಕೊಟ್ಟು ಪಡೆಯುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಇದನ್ನು ಹಾಲಿಡೇ ಮೆಂಬರ್‌ಶಿಪ್, ಹಾಲಿಡೇ ಕ್ಲಬ್, ವೆಕೇಶನ್ ಓನರ್‌ಶಿಪ್ ಎಂಬ ಹೆಸರುಗಳಿಂದಲೂ ಕರೆಯಲಾಗುತ್ತದೆ. ಸದಸ್ಯರು ಆರಂಭದಲ್ಲಿ ಸದಸ್ಯತ್ವ ಶುಲ್ಕವನ್ನೂ, ಅನಂತರ ಪ್ರತಿವರ್ಷ ನಿರ್ವಹಣೆಗಾಗಿ ವಾರ್ಷಿಕ ಶುಲ್ಕವನ್ನೂ ಪಾವತಿಸುತ್ತಾರೆ. ಭಾರತದಲ್ಲಿ ಮಾರಾಟವಾಗುವ ಬಹುತೇಕ ಸದಸ್ಯತ್ವಗಳು ಸ್ಥಿರಾಸ್ತಿಯ ಒಡೆತನವನ್ನು ನೀಡುವುದಿಲ್ಲ; ಅವು ಸೇವೆಯನ್ನು ಕುರಿತ ದೀರ್ಘಾವಧಿಯ ಒಪ್ಪಂದಗಳಾಗಿವೆ.

ಕಡಿಮೆ ವೆಚ್ಚದಲ್ಲಿ ಪ್ರವಾಸ ಮಾಡುವ ಕುಟುಂಬಗಳಿಗೆ ಇಂತಹ ಸದಸ್ಯತ್ವ ಲಾಭದಾಯಕವೇ ಎಂಬುದು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಎಲ್ಲ ಶುಲ್ಕಗಳನ್ನೂ ಸೇರಿಸಿದಾಗ ಒಂದು ರಾತ್ರಿಗೆ ಬೀಳುವ ನಿಜವಾದ ವೆಚ್ಚ, ಆ ಕುಟುಂಬ ಸಾಮಾನ್ಯವಾಗಿ ಕೊಡುವ ಕೊಠಡಿ ಬಾಡಿಗೆ, ಮತ್ತು ದೊರೆತ ರಾತ್ರಿಗಳಲ್ಲಿ ವಾಸ್ತವವಾಗಿ ಬಳಕೆಯಾಗುವ ರಾತ್ರಿಗಳ ಸಂಖ್ಯೆ.

## ಪರಿಕಲ್ಪನೆ

ವರ್ಷದಲ್ಲಿ ಒಂದು ವಾರ ಮಾತ್ರ ಬಳಸುವ ಮನೆಯನ್ನು ವರ್ಷವಿಡೀ ಇಟ್ಟುಕೊಳ್ಳುವುದು ದುಬಾರಿ. ಅದೇ ಮನೆಯನ್ನು ಹಲವು ಕುಟುಂಬಗಳು ವಾರಗಳ ಲೆಕ್ಕದಲ್ಲಿ ಹಂಚಿಕೊಂಡರೆ ಪ್ರತಿಯೊಬ್ಬರ ಪಾಲಿನ ಖರ್ಚು ಇಳಿಯುತ್ತದೆ. ಟೈಮ್‌ಶೇರ್‌ನ ಮೂಲ ತತ್ತ್ವ ಇದೇ ಆಗಿದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ.

ಮೊದಲನೆಯದು ಒಡೆತನದ ಬಗೆ. ಇದರಲ್ಲಿ ಕೊಳ್ಳುವವರ ಹೆಸರಿಗೆ ಕಟ್ಟಡದಲ್ಲಿ ಕಾಲಾವಧಿಯ ಪಾಲು ನೋಂದಣಿಯಾಗುತ್ತದೆ. ಅಮೆರಿಕದಲ್ಲಿ ಈ ಬಗೆ ಹೆಚ್ಚು ಬಳಕೆಯಲ್ಲಿದೆ. ಎರಡನೆಯದು ಬಳಕೆಯ ಹಕ್ಕಿನ ಬಗೆ. ಇದರಲ್ಲಿ ಕಟ್ಟಡವೂ ಜಮೀನೂ ಸಂಸ್ಥೆಯದಾಗಿಯೇ ಉಳಿಯುತ್ತವೆ. ಸದಸ್ಯರಿಗೆ ನಿಗದಿತ ವರ್ಷಗಳವರೆಗೆ ತಂಗುವ ಹಕ್ಕು ಮಾತ್ರ ಇರುತ್ತದೆ. ಭಾರತದಲ್ಲಿ ಪ್ರಚಲಿತವಾಗಿರುವುದು ಈ ಎರಡನೆಯ ಬಗೆ. ಇದರಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ಆಗುವುದಿಲ್ಲ. ಖಾತೆಯಾಗಲಿ ಪಹಣಿಯಾಗಲಿ ಸದಸ್ಯರ ಹೆಸರಿಗೆ ಬರುವುದಿಲ್ಲ. ಅವಧಿ ಮುಗಿದಾಗ ಹಕ್ಕೂ ಮುಗಿಯುತ್ತದೆ. ನಿವೇಶನ ಅಥವಾ ಮನೆಯಂತೆ ಇದರ ಬೆಲೆ ಕಾಲಕ್ರಮದಲ್ಲಿ ಏರುವುದಿಲ್ಲ. ಉಳಿದ ವರ್ಷಗಳು ಕಡಿಮೆಯಾದಂತೆ ಅದು ಇಳಿಯುತ್ತ ಹೋಗುತ್ತದೆ.

## ಇತಿಹಾಸ

ಟೈಮ್‌ಶೇರ್ ಪದ್ಧತಿ 1960ರ ದಶಕದಲ್ಲಿ ಯುರೋಪಿನಲ್ಲಿ ಆರಂಭವಾಯಿತು. ಸ್ವಿಟ್ಜರ್ಲೆಂಡಿನ ಹಾಪಿಮಾಗ್ ಸಂಸ್ಥೆ 1963ರಲ್ಲಿ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತ ಪ್ರದೇಶದ ಹಿಮವಿಹಾರಧಾಮಗಳಲ್ಲಿಯೂ ಈ ಪದ್ಧತಿ ಕಾಣಿಸಿಕೊಂಡಿತು. 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾ ಮುಂತಾದೆಡೆ ಮಾರಾಟವಾಗದೆ ಉಳಿದ ವಸತಿಗೃಹಗಳನ್ನು ವಾರಗಳ ಲೆಕ್ಕದಲ್ಲಿ ಮಾರುವ ಕ್ರಮ ಬೆಳೆಯಿತು. ಒಂದು ವಿಹಾರಧಾಮದ ವಾರವನ್ನು ಮತ್ತೊಂದರ ವಾರದೊಂದಿಗೆ ಬದಲಾಯಿಸಿಕೊಳ್ಳಲು ನೆರವಾಗುವ ಆರ್‌ಸಿಐ ಸಂಸ್ಥೆ 1974ರಲ್ಲಿಯೂ, ಇಂಟರ್‌ವಲ್ ಇಂಟರ್‌ನ್ಯಾಷನಲ್ 1976ರಲ್ಲಿಯೂ ಆರಂಭಗೊಂಡವು. ಪ್ರತಿವರ್ಷವೂ ಒಂದೇ ಊರಿಗೆ ಹೋಗಬೇಕೆಂಬ ಕಟ್ಟುಪಾಡು ಇದರಿಂದ ಸಡಿಲವಾಯಿತು. 1984ರಲ್ಲಿ ಮ್ಯಾರಿಯಟ್, 1991ರಲ್ಲಿ ಡಿಸ್ನಿ ಈ ಕ್ಷೇತ್ರವನ್ನು ಪ್ರವೇಶಿಸಿದವು.

ಭಾರತದಲ್ಲಿ ಈ ವ್ಯವಹಾರವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ನಡೆಸಿದ ಸಂಸ್ಥೆಗಳಲ್ಲಿ 1986ರಲ್ಲಿ ಸ್ಥಾಪನೆಯಾದ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ ಪ್ರಮುಖವಾದುದು. ತಮಿಳುನಾಡಿನ ಕೊಡೈಕೆನಾಲ್ ಅದರ ಆರಂಭದ ನೆಲೆಗಳಲ್ಲಿ ಒಂದು. ಈ ಸಂಸ್ಥೆ ಥಾಮಸ್ ಕುಕ್ ಇಂಡಿಯಾ ಸಮೂಹಕ್ಕೆ ಸೇರುವ ನಿರ್ಧಾರ 2014ರಲ್ಲಿ ಪ್ರಕಟವಾಯಿತು. ಮಹೀಂದ್ರಾ ಸಮೂಹದ ಮಹೀಂದ್ರಾ ಹಾಲಿಡೇಸ್ ಅಂಡ್ ರೆಸಾರ್ಟ್ಸ್ ಇಂಡಿಯಾ 1996ರಲ್ಲಿ ಆರಂಭವಾಗಿ, ಕ್ಲಬ್ ಮಹೀಂದ್ರಾ ಎಂಬ ಹೆಸರಿನಲ್ಲಿ ಸದಸ್ಯತ್ವಗಳನ್ನು ಮಾರುತ್ತ ಬಂದಿದೆ. ಅದರ ಮೊದಲ ವಿಹಾರಧಾಮ ಕೇರಳದ ಮುನ್ನಾರ್‌ನಲ್ಲಿದೆ. 2009ರಲ್ಲಿ ಈ ಸಂಸ್ಥೆಯ ಷೇರುಗಳು ಷೇರುಪೇಟೆಯಲ್ಲಿ ನೋಂದಣಿಯಾದವು. ಕರ್ನಾಟಕದ ಕೊಡಗು ಜಿಲ್ಲೆಯ ಮಡಿಕೇರಿ ಮತ್ತು ವಿರಾಜಪೇಟೆಗಳಲ್ಲಿ ಇದರ ವಿಹಾರಧಾಮಗಳಿವೆ.

## ಕಾರ್ಯವಿಧಾನ

ಸಾಮಾನ್ಯ ಸದಸ್ಯತ್ವವೊಂದು ವರ್ಷಕ್ಕೆ 7 ರಾತ್ರಿಗಳ ಲೆಕ್ಕದಲ್ಲಿರುತ್ತದೆ. ಅವಧಿ 10 ವರ್ಷಗಳಿಂದ 25 ವರ್ಷಗಳವರೆಗೆ ಇರಬಹುದು. ಶುಲ್ಕವು ಕೊಠಡಿಯ ಗಾತ್ರ ಮತ್ತು ಋತು ಎಂಬ ಎರಡು ಅಂಶಗಳಿಂದ ನಿರ್ಧಾರವಾಗುತ್ತದೆ. ಕೊಠಡಿಗಳಲ್ಲಿ ಸ್ಟುಡಿಯೊ, ಒಂದು ಮಲಗುವ ಕೋಣೆಯ ಮನೆ, ಎರಡು ಮಲಗುವ ಕೋಣೆಯ ಮನೆ ಎಂಬ ವರ್ಗಗಳಿರುತ್ತವೆ.

ಋತುಗಳನ್ನು ಬೇಡಿಕೆಗೆ ತಕ್ಕಂತೆ ವಿಂಗಡಿಸಲಾಗುತ್ತದೆ. ಕ್ಲಬ್ ಮಹೀಂದ್ರಾದಲ್ಲಿ ನೇರಳೆ, ಕೆಂಪು, ಬಿಳಿ, ನೀಲಿ ಎಂಬ ಬಣ್ಣಗಳ ಹೆಸರುಗಳು ಬಳಕೆಯಲ್ಲಿವೆ. ನೇರಳೆ ಅತಿ ಬೇಡಿಕೆಯ ಕಾಲವನ್ನೂ ನೀಲಿ ಕಡಿಮೆ ಬೇಡಿಕೆಯ ಕಾಲವನ್ನೂ ಸೂಚಿಸುತ್ತವೆ. ಮೇಲಿನ ಋತುವಿನ ಸದಸ್ಯರು ಕೆಳಗಿನ ಋತುಗಳಲ್ಲಿಯೂ ತಂಗಬಹುದು. ಕೆಳಗಿನ ಋತುವಿನ ಸದಸ್ಯರಿಗೆ ಮೇಲಿನ ಋತುವಿನಲ್ಲಿ ಸಹಜವಾಗಿ ಹಕ್ಕಿರುವುದಿಲ್ಲ. ಕೆಲವು ಸಂಸ್ಥೆಗಳು ವಾರಗಳ ಬದಲು ಅಂಕಗಳನ್ನು ನೀಡುತ್ತವೆ. ಬೇಡಿಕೆಯ ದಿನಗಳಿಗೆ ಹೆಚ್ಚು ಅಂಕ, ಉಳಿದ ದಿನಗಳಿಗೆ ಕಡಿಮೆ ಅಂಕ ಖರ್ಚಾಗುತ್ತದೆ.

ಸದಸ್ಯತ್ವ ಇದ್ದ ಮಾತ್ರಕ್ಕೆ ಬಯಸಿದ ದಿನ ಬಯಸಿದ ಊರಿನಲ್ಲಿ ಕೊಠಡಿ ದೊರೆಯುತ್ತದೆ ಎಂದೇನೂ ಇಲ್ಲ. ಕೊಠಡಿಯನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕಾಗುತ್ತದೆ, ಮತ್ತು ಅದು ಲಭ್ಯತೆಗೆ ಒಳಪಟ್ಟಿರುತ್ತದೆ. ಬಳಸದ ರಾತ್ರಿಗಳನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಅವಕಾಶ ಹಲವು ಒಪ್ಪಂದಗಳಲ್ಲಿ ಇದೆ. ಆದರೆ ಅದಕ್ಕೂ ಮಿತಿಯಿರುತ್ತದೆ. ವಾರ್ಷಿಕ ಶುಲ್ಕ ಬಾಕಿಯಿದ್ದರೆ ಕೊಠಡಿ ಕಾದಿರಿಸಲು ಸಾಮಾನ್ಯವಾಗಿ ಅವಕಾಶ ದೊರೆಯುವುದಿಲ್ಲ.

## ವೆಚ್ಚದ ಅಂಗಗಳು

ಸದಸ್ಯತ್ವದ ಒಟ್ಟು ವೆಚ್ಚದಲ್ಲಿ ಈ ಕೆಳಗಿನ ಅಂಗಗಳು ಸೇರುತ್ತವೆ.

* ಸದಸ್ಯತ್ವ ಶುಲ್ಕ: ಆರಂಭದಲ್ಲಿ ಒಮ್ಮೆ ಕೊಡುವ ದೊಡ್ಡ ಮೊತ್ತ.
* ಕಂತಿನ ಬಡ್ಡಿ: ಶುಲ್ಕವನ್ನು ಮಾಸಿಕ ಕಂತುಗಳಲ್ಲಿ ಕಟ್ಟಿದರೆ ಅದರ ಮೇಲಿನ ಬಡ್ಡಿ. ಉದಾಹರಣೆಗೆ, 4,00,000 ರೂಪಾಯಿಯನ್ನು ವಾರ್ಷಿಕ ಶೇ. 12ರ ಬಡ್ಡಿಯಲ್ಲಿ 48 ಕಂತುಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 10,530 ರೂಪಾಯಿ ಆಗುತ್ತದೆ. ಬಡ್ಡಿಯೇ ಒಟ್ಟು 1,05,000 ರೂಪಾಯಿ ದಾಟುತ್ತದೆ.
* ವಾರ್ಷಿಕ ಶುಲ್ಕ: ವಿಹಾರಧಾಮ ಬಳಸಿದರೂ ಬಳಸದಿದ್ದರೂ ಪ್ರತಿವರ್ಷ ಕೊಡಬೇಕಾದ ಮೊತ್ತ. ಇದು ಬೆಲೆಯೇರಿಕೆಗೆ ಅನುಗುಣವಾಗಿ ಹೆಚ್ಚುತ್ತ ಹೋಗುತ್ತದೆ.
* ತೆರಿಗೆ: ಶುಲ್ಕಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ.
* ವಿನಿಮಯ ಶುಲ್ಕ: ಬೇರೆ ಸಂಸ್ಥೆಯ ಅಥವಾ ವಿದೇಶದ ವಿಹಾರಧಾಮಕ್ಕೆ ಬದಲಾಯಿಸಿಕೊಂಡಾಗ ತಗಲುವ ವೆಚ್ಚ.
* ಊಟ ಮತ್ತು ಸಂಚಾರ: ಇವು ಸಾಮಾನ್ಯವಾಗಿ ಸದಸ್ಯತ್ವದಲ್ಲಿ ಸೇರಿರುವುದಿಲ್ಲ. ವಿಹಾರಧಾಮಗಳು ಅನೇಕ ವೇಳೆ ಪೇಟೆಯಿಂದಲೂ ಬಸ್ ನಿಲ್ದಾಣದಿಂದಲೂ ದೂರವಿರುವುದರಿಂದ ಬಾಡಿಗೆ ವಾಹನದ ಮತ್ತು ಅಲ್ಲಿನ ಭೋಜನಾಲಯದ ಖರ್ಚು ಹೆಚ್ಚುತ್ತದೆ.

## ಒಂದು ರಾತ್ರಿಯ ನಿಜವಾದ ವೆಚ್ಚ

ಲೆಕ್ಕದ ಕ್ರಮವನ್ನು ತಿಳಿಯಲು ಒಂದು ಕಾಲ್ಪನಿಕ ಸದಸ್ಯತ್ವವನ್ನು ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ಯಾವುದೇ ಸಂಸ್ಥೆಯ ದರಗಳಲ್ಲ. ಸದಸ್ಯತ್ವ ಶುಲ್ಕ 4,00,000 ರೂಪಾಯಿ, ಅವಧಿ 25 ವರ್ಷ, ವರ್ಷಕ್ಕೆ 7 ರಾತ್ರಿ, ಮೊದಲ ವರ್ಷದ ವಾರ್ಷಿಕ ಶುಲ್ಕ 18,000 ರೂಪಾಯಿ ಎಂದಿಟ್ಟುಕೊಳ್ಳೋಣ.

ಮಾರಾಟದ ವೇಳೆ ಸಾಮಾನ್ಯವಾಗಿ ತೋರಿಸುವ ಲೆಕ್ಕ ಸರಳವಾದುದು. 25 ವರ್ಷಗಳಿಗೆ 175 ರಾತ್ರಿಗಳು. 4,00,000 ರೂಪಾಯಿಯನ್ನು 175ರಿಂದ ಭಾಗಿಸಿದರೆ ರಾತ್ರಿಗೆ ಸುಮಾರು 2,286 ರೂಪಾಯಿ. ಈ ಲೆಕ್ಕದಲ್ಲಿ ಎರಡು ಲೋಪಗಳಿವೆ.

ಒಂದು, ವಾರ್ಷಿಕ ಶುಲ್ಕ ಇದರಲ್ಲಿ ಸೇರಿಲ್ಲ. 18,000 ರೂಪಾಯಿಯನ್ನು 7 ರಾತ್ರಿಗಳಿಗೆ ಹಂಚಿದರೆ ರಾತ್ರಿಗೆ 2,571 ರೂಪಾಯಿ ಹೆಚ್ಚುತ್ತದೆ. ಒಟ್ಟು 4,857 ರೂಪಾಯಿ ಆಗುತ್ತದೆ. ವಾರ್ಷಿಕ ಶುಲ್ಕ ವರ್ಷಕ್ಕೆ ಶೇ. 5ರಂತೆ ಏರಿದರೆ 15ನೆಯ ವರ್ಷದಲ್ಲಿ ಸುಮಾರು 35,600 ರೂಪಾಯಿಯೂ 25ನೆಯ ವರ್ಷದಲ್ಲಿ ಸುಮಾರು 58,000 ರೂಪಾಯಿಯೂ ಆಗುತ್ತದೆ. 25 ವರ್ಷಗಳಲ್ಲಿ ಕಟ್ಟುವ ವಾರ್ಷಿಕ ಶುಲ್ಕದ ಮೊತ್ತ ಸುಮಾರು 8,59,000 ರೂಪಾಯಿ. ಅಂದರೆ ಆರಂಭದ ಸದಸ್ಯತ್ವ ಶುಲ್ಕದ ಎರಡು ಪಟ್ಟಿಗೂ ಹೆಚ್ಚು.

ಎರಡು, ಮುಂಗಡವಾಗಿ ಕೊಟ್ಟ ಹಣ ಗಳಿಸಬಹುದಾಗಿದ್ದ ಬಡ್ಡಿ ಇದರಲ್ಲಿ ಸೇರಿಲ್ಲ. ಅದೇ 4,00,000 ರೂಪಾಯಿಯನ್ನು ಶೇ. 7ರ ಬಡ್ಡಿಯ ಠೇವಣಿಯಲ್ಲಿಟ್ಟರೆ, ಮೊದಲ ವರ್ಷ ಸುಮಾರು 21,300 ರೂಪಾಯಿಯನ್ನೂ ಮುಂದಿನ ಪ್ರತಿವರ್ಷ ಶೇ. 5ರಷ್ಟು ಹೆಚ್ಚು ಹಣವನ್ನೂ ತೆಗೆಯುತ್ತ 25 ವರ್ಷಗಳವರೆಗೆ ಪ್ರವಾಸಕ್ಕೆ ಬಳಸಬಹುದು. ಆದ್ದರಿಂದ ಮೊದಲ ವರ್ಷದ ನಿಜವಾದ ವೆಚ್ಚ 21,300 ಮತ್ತು 18,000 ಸೇರಿ 39,300 ರೂಪಾಯಿ. ಕೊಠಡಿ ಬಾಡಿಗೆಯೂ ವರ್ಷಕ್ಕೆ ಶೇ. 5ರಂತೆ ಏರುತ್ತದೆ ಎಂದು ಭಾವಿಸಿರುವುದರಿಂದ, ಈ ಮೊತ್ತವನ್ನು ಇಂದಿನ ಬಾಡಿಗೆಯೊಂದಿಗೆ ನೇರವಾಗಿ ಹೋಲಿಸಬಹುದು.

| ವರ್ಷಕ್ಕೆ ಬಳಸಿದ ರಾತ್ರಿಗಳು | ಒಂದು ರಾತ್ರಿಯ ವೆಚ್ಚ (ಸುಮಾರು, ರೂಪಾಯಿಗಳಲ್ಲಿ) |
|---|---|
| 7 | 5,600 |
| 5 | 7,900 |
| 4 | 9,800 |

ತೆರಿಗೆ, ಕಂತಿನ ಬಡ್ಡಿ, ಊಟ ಮತ್ತು ಸಂಚಾರದ ವೆಚ್ಚಗಳನ್ನು ಈ ಕೋಷ್ಟಕದಲ್ಲಿ ಸೇರಿಸಿಲ್ಲ. ಬಳಕೆ 7 ರಾತ್ರಿಯಿಂದ 4 ರಾತ್ರಿಗೆ ಇಳಿದಾಗ ವೆಚ್ಚ ಮುಕ್ಕಾಲು ಪಾಲು ಹೆಚ್ಚುವುದನ್ನು ಇಲ್ಲಿ ಗಮನಿಸಬಹುದು.

### ಹೋಲಿಕೆಗೆ ಬಳಸಬೇಕಾದ ಬಾಡಿಗೆ

ಈ ವೆಚ್ಚವನ್ನು ಯಾವುದರೊಂದಿಗೆ ಹೋಲಿಸಲಾಗುತ್ತದೆ ಎಂಬುದರ ಮೇಲೆ ತೀರ್ಮಾನ ನಿಂತಿದೆ. ವಿಹಾರಧಾಮದ ಪ್ರಕಟಿತ ಬಾಡಿಗೆ ರಾತ್ರಿಗೆ 10,000 ರೂಪಾಯಿ ಇದ್ದರೆ 5,600 ರೂಪಾಯಿ ಅಗ್ಗವಾಗಿ ಕಾಣುತ್ತದೆ. ಆದರೆ ಅಂತಹ ಬಾಡಿಗೆಯ ಕೊಠಡಿಯಲ್ಲಿ ಎಂದೂ ತಂಗದ ಕುಟುಂಬಕ್ಕೆ ಅದು ಉಳಿತಾಯವಲ್ಲ. ಹೋಲಿಕೆ ನಡೆಯಬೇಕಾದುದು ಆ ಕುಟುಂಬ ಸದಸ್ಯತ್ವವಿಲ್ಲದೆ ನಿಜವಾಗಿ ಕೊಡುತ್ತಿದ್ದ ಬಾಡಿಗೆಯೊಂದಿಗೆ.

ರಾತ್ರಿಗೆ 2,000 ರೂಪಾಯಿಯ ವಸತಿಗೃಹಗಳಲ್ಲಿ ತಂಗುವ ಕುಟುಂಬ 7 ರಾತ್ರಿಗಳಿಗೆ 14,000 ರೂಪಾಯಿ ಖರ್ಚು ಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ವಾರ್ಷಿಕ ಶುಲ್ಕವೇ 18,000 ರೂಪಾಯಿ. ಅಂದರೆ ಸದಸ್ಯತ್ವವನ್ನು ಉಚಿತವಾಗಿ ಕೊಟ್ಟರೂ ಆ ಕುಟುಂಬಕ್ಕೆ ವರ್ಷಕ್ಕೆ 4,000 ರೂಪಾಯಿ ಹೆಚ್ಚು ಖರ್ಚಾಗುತ್ತದೆ. ಆದುದರಿಂದ ಮಿತವ್ಯಯದ ಪ್ರವಾಸಿಗರಿಗೆ ಮೊದಲ ಪರೀಕ್ಷೆ ಬಹಳ ಸುಲಭವಾದುದು: ವಾರ್ಷಿಕ ಶುಲ್ಕವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಬೇಕು. ಬಂದ ಮೊತ್ತ ತಾವು ಸಾಮಾನ್ಯವಾಗಿ ಕೊಡುವ ಬಾಡಿಗೆಗಿಂತ ಹೆಚ್ಚಾಗಿದ್ದರೆ ಮುಂದಿನ ಲೆಕ್ಕದ ಅಗತ್ಯವೇ ಇರುವುದಿಲ್ಲ.

## ಗ್ರಾಮೀಣ ಮತ್ತು ಸಣ್ಣ ಪಟ್ಟಣಗಳ ಕುಟುಂಬಗಳು: ಪಾಲಹಳ್ಳಿಯ ನಿದರ್ಶನ

ವೆಚ್ಚದಷ್ಟೇ ಮುಖ್ಯವಾದುದು ಪ್ರವಾಸದ ರೀತಿ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿ ಕಾವೇರಿ ಬಯಲಿನಲ್ಲಿ, ರಂಗನತಿಟ್ಟು ಪಕ್ಷಿಧಾಮಕ್ಕೆ ಸಮೀಪದಲ್ಲಿರುವ ಗ್ರಾಮ. ಇಂತಹ ಊರಿನ ಕುಟುಂಬವೊಂದರ ದೃಷ್ಟಿಯಿಂದ ನೋಡಿದಾಗ ಸದಸ್ಯತ್ವದ ಉಪಯೋಗ ಮತ್ತು ಮಿತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಸುತ್ತಲಿನ ಹಲವು ಪ್ರೇಕ್ಷಣೀಯ ಸ್ಥಳಗಳಿಗೆ ಹೋಗಲು ರಾತ್ರಿ ತಂಗುವ ಅಗತ್ಯವಿಲ್ಲ. ಶ್ರೀರಂಗಪಟ್ಟಣ, ಕೃಷ್ಣರಾಜಸಾಗರ, ಬಲಮುರಿ, ಮೈಸೂರು, ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು, ನಾಗಮಂಗಲದ ಸೌಮ್ಯಕೇಶವ ದೇವಾಲಯ ಮತ್ತು ಆದಿಚುಂಚನಗಿರಿ ಇವೆಲ್ಲವನ್ನೂ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂತೆ ನೋಡಬಹುದು.

ಎರಡನೆಯದಾಗಿ, ದೂರದ ಪ್ರವಾಸಗಳಲ್ಲಿ ತೀರ್ಥಯಾತ್ರೆಗೆ ದೊಡ್ಡ ಪಾಲಿದೆ. ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಮಲೆ ಮಹದೇಶ್ವರ ಬೆಟ್ಟ, ತಿರುಪತಿ ಮುಂತಾದ ಕ್ಷೇತ್ರಗಳಲ್ಲಿ ದೇವಾಲಯಗಳ ವಸತಿಗೃಹಗಳೂ ಛತ್ರಗಳೂ ಕಡಿಮೆ ದರದಲ್ಲಿ ದೊರೆಯುತ್ತವೆ. ವಿಹಾರಧಾಮಗಳು ಹೆಚ್ಚಾಗಿ ಗಿರಿಧಾಮ, ಕಡಲತೀರ ಮತ್ತು ಅರಣ್ಯದ ಅಂಚಿನಲ್ಲಿರುವುದರಿಂದ ಇಂತಹ ಯಾತ್ರೆಗಳಿಗೆ ಸದಸ್ಯತ್ವ ಹೆಚ್ಚು ನೆರವಾಗುವುದಿಲ್ಲ.

ಮೂರನೆಯದಾಗಿ, ಬಿಡುವಿನ ಕಾಲ. ಮಕ್ಕಳಿರುವ ಕುಟುಂಬಗಳಿಗೆ ಬಿಡುವು ದೊರೆಯುವುದು ಮುಖ್ಯವಾಗಿ ದಸರಾ ರಜೆಯಲ್ಲಿ ಮತ್ತು ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯಲ್ಲಿ. ವಿಹಾರಧಾಮಗಳಿಗೆ ಅತಿ ಹೆಚ್ಚು ಬೇಡಿಕೆಯಿರುವುದೂ ಇದೇ ದಿನಗಳಲ್ಲಿ. ಕಡಿಮೆ ಶುಲ್ಕದ ಋತುವಿನ ಸದಸ್ಯತ್ವ ಪಡೆದವರಿಗೆ ಕೊಡಗಿನಂತಹ ಪ್ರದೇಶದಲ್ಲಿ ಮಳೆಗಾಲದ ದಿನಗಳು ಸುಲಭವಾಗಿ ಸಿಗಬಹುದು. ಆ ದಿನಗಳಲ್ಲಿ ಶಾಲೆಗೆ ರಜೆಯಿರುವುದಿಲ್ಲ. ಬೇಸಾಯ ಮಾಡುವವರಿಗೆ ನಾಲೆಗೆ ನೀರು ಬಿಡುವ ದಿನ, ನಾಟಿ ಮತ್ತು ಕೊಯ್ಲು, ಕಬ್ಬು ಕಡಿಯುವ ಸರದಿ ಇವುಗಳನ್ನು ನೋಡಿಕೊಂಡು ಹೊರಡಬೇಕಾಗುತ್ತದೆ. ಇವರು ತಿಂಗಳುಗಳ ಮೊದಲೇ ದಿನ ಗೊತ್ತುಮಾಡಿ ಕೊಠಡಿ ಕಾದಿರಿಸುವುದು ಕಷ್ಟ.

ನಾಲ್ಕನೆಯದಾಗಿ, ಆದಾಯದ ಸ್ವರೂಪ. ಮಳೆ ಕೈಕೊಟ್ಟ ಅಥವಾ ಬೆಲೆ ಕುಸಿದ ವರ್ಷ ಪ್ರವಾಸವನ್ನು ಕೈಬಿಡಬಹುದು. ವಾರ್ಷಿಕ ಶುಲ್ಕವನ್ನು ಕೈಬಿಡಲಾಗುವುದಿಲ್ಲ. ಮದುವೆ, ಓದು, ಆಸ್ಪತ್ರೆಯ ಖರ್ಚು ಬಂದಾಗ ಠೇವಣಿಯನ್ನು ಮುರಿಸಿಕೊಳ್ಳಬಹುದು, ಚಿನ್ನವನ್ನು ಅಡವಿಡಬಹುದು; ಸದಸ್ಯತ್ವವನ್ನು ಹಾಗೆ ಹಣವಾಗಿಸಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ.

## ಉಪಯುಕ್ತವಾಗುವ ಸಂದರ್ಭಗಳು

ಸದಸ್ಯತ್ವ ಎಲ್ಲರಿಗೂ ನಷ್ಟದ್ದು ಎಂದು ಹೇಳಲಾಗದು. ಕೆಳಗಿನ ಲಕ್ಷಣಗಳೆಲ್ಲವೂ ಕೂಡಿದ ಕುಟುಂಬಗಳಿಗೆ ಅದು ಅನುಕೂಲಕರವಾಗಬಹುದು.

* ಪ್ರತಿವರ್ಷ ತಪ್ಪದೆ ಒಂದು ವಾರ ವಿಹಾರಧಾಮಗಳಲ್ಲಿಯೇ ತಂಗುವ ರೂಢಿ ಮೊದಲೇ ಇರುವುದು.
* ಲೆಕ್ಕದಿಂದ ಬರುವ ರಾತ್ರಿಯ ವೆಚ್ಚಕ್ಕಿಂತ ಹೆಚ್ಚಿನ ಬಾಡಿಗೆಯನ್ನು ಈಗಾಗಲೇ ಕೊಡುತ್ತಿರುವುದು.
* ನಿಶ್ಚಿತ ಸಂಬಳ ಮತ್ತು ಮೊದಲೇ ಗೊತ್ತುಮಾಡಬಹುದಾದ ರಜೆ ಇರುವುದು.
* ಸಾಲ ಮಾಡದೆ ಪೂರ್ಣ ಮೊತ್ತವನ್ನು ಒಮ್ಮೆಗೇ ಕಟ್ಟಲು ಸಾಧ್ಯವಿರುವುದು.
* ಅಡುಗೆ ಸೌಕರ್ಯವುಳ್ಳ ದೊಡ್ಡ ಮನೆಯನ್ನು ತಂದೆತಾಯಿ ಮತ್ತು ಮಕ್ಕಳೊಂದಿಗೆ ಪೂರ್ಣವಾಗಿ ಬಳಸಿಕೊಳ್ಳುವುದು.

ಹಣವನ್ನು ಮೊದಲೇ ಕಟ್ಟಿರುವುದರಿಂದ ಪ್ರತಿವರ್ಷ ಬಿಡುವು ಮಾಡಿಕೊಂಡು ಹೊರಡುವ ಅಭ್ಯಾಸ ಬೆಳೆಯುತ್ತದೆ ಎಂಬುದನ್ನು ಕೆಲವರು ಪ್ರಯೋಜನವೆಂದು ಪರಿಗಣಿಸುತ್ತಾರೆ. ಸ್ವಚ್ಛತೆ, ಸುರಕ್ಷತೆ ಮತ್ತು ಮಕ್ಕಳಿಗಾಗಿರುವ ಚಟುವಟಿಕೆಗಳಲ್ಲಿ ಊರಿಂದ ಊರಿಗೆ ಒಂದೇ ಮಟ್ಟ ದೊರೆಯುವುದೂ ಇದರ ಅನುಕೂಲಗಳಲ್ಲಿ ಒಂದು.

## ಮಾರಾಟದ ರೀತಿ

ರಜಾ ಸದಸ್ಯತ್ವಗಳನ್ನು ಅಂಗಡಿಯ ಸರಕಿನಂತೆ ಗ್ರಾಹಕರೇ ಹುಡುಕಿಕೊಂಡು ಹೋಗಿ ಕೊಳ್ಳುವುದು ಕಡಿಮೆ. ಮಾಲ್, ಪೆಟ್ರೋಲ್ ಬಂಕ್, ವಸ್ತುಪ್ರದರ್ಶನ ಮುಂತಾದೆಡೆ ಅದೃಷ್ಟ ಚೀಟಿಯ ಹೆಸರಿನಲ್ಲಿ ದೂರವಾಣಿ ಸಂಖ್ಯೆಗಳನ್ನು ಸಂಗ್ರಹಿಸಿ, ಬಹುಮಾನ ಬಂದಿದೆ ಎಂದು ಕರೆ ಮಾಡಿ, ದಂಪತಿಗಳನ್ನು ಒಟ್ಟಿಗೆ ಹೋಟೆಲಿಗೆ ಆಹ್ವಾನಿಸುವ ಪದ್ಧತಿ ಈ ವ್ಯವಹಾರದಲ್ಲಿ ವ್ಯಾಪಕವಾಗಿದೆ. ಅಲ್ಲಿ ಒಂದೆರಡು ಗಂಟೆಗಳ ವಿವರಣೆಯ ಬಳಿಕ, ಈ ದರ ಇಂದಿಗೆ ಮಾತ್ರ ಎಂಬ ಒತ್ತಾಯದೊಂದಿಗೆ ಮುಂಗಡ ಕೇಳಲಾಗುತ್ತದೆ. ಉಡುಗೊರೆಯಾಗಿ ದೊರೆಯುವ ಉಚಿತ ಪ್ರವಾಸದ ಕೂಪನ್‌ಗಳಿಗೆ ದಿನ, ಊರು, ಊಟ ಮತ್ತು ತೆರಿಗೆಗಳ ಬಗ್ಗೆ ಷರತ್ತುಗಳಿರುವುದು ಸಾಮಾನ್ಯ.

ಇಂತಹ ಸಭೆಗಳಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಮುದ್ರಿತ ಒಪ್ಪಂದದಲ್ಲಿ ಇಲ್ಲದಿದ್ದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಸಹಿ ಹಾಕುವ ಮೊದಲು ಒಪ್ಪಂದದ ಪ್ರತಿಯನ್ನು ಮನೆಗೆ ಒಯ್ದು ಓದುವುದು, ಭರವಸೆಗಳನ್ನು ಬರವಣಿಗೆಯಲ್ಲಿ ಪಡೆಯುವುದು ಮತ್ತು ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

* ವಾರ್ಷಿಕ ಶುಲ್ಕ ಎಷ್ಟು, ಏರಿಕೆಗೆ ಗರಿಷ್ಠ ಮಿತಿ ಇದೆಯೇ.
* ಸದಸ್ಯತ್ವ ಯಾವ ಋತುವಿನದು. ಶಾಲಾ ರಜೆಯ ದಿನಗಳು ಅದರಲ್ಲಿ ಸೇರಿವೆಯೇ.
* ಸಹಿ ಹಾಕಿದ ಮೇಲೆ ಎಷ್ಟು ದಿನಗಳೊಳಗೆ ಪೂರ್ಣ ಹಣ ಹಿಂದಿರುಗಿಸಿಕೊಂಡು ರದ್ದುಪಡಿಸಬಹುದು.
* ಆ ಬಳಿಕ ರದ್ದುಪಡಿಸಿದರೆ ಎಷ್ಟು ಕಡಿತವಾಗುತ್ತದೆ.
* ಸದಸ್ಯರು ಮರಣ ಹೊಂದಿದರೆ ಹಕ್ಕೂ ಶುಲ್ಕದ ಹೊಣೆಯೂ ಯಾರಿಗೆ ಹೋಗುತ್ತವೆ.
* ವಿಹಾರಧಾಮಗಳು ಸಂಸ್ಥೆಯ ಸ್ವಂತವೋ ಗುತ್ತಿಗೆಯವೋ. ಗುತ್ತಿಗೆ ಮುಗಿದರೆ ಪರ್ಯಾಯವೇನು.

## ಹೂಡಿಕೆ ಯೋಜನೆಗಳಿಂದ ಇರುವ ವ್ಯತ್ಯಾಸ

ರಜಾ ಸದಸ್ಯತ್ವದ ಹೆಸರಿನಲ್ಲಿ ಹಣ ಹೂಡಿಕೆಯ ಯೋಜನೆಗಳೂ ನಡೆದಿವೆ. ಕೊಠಡಿಯನ್ನು ಬಳಸದಿದ್ದರೆ ಅವಧಿಯ ಕೊನೆಯಲ್ಲಿ ಕಟ್ಟಿದ್ದಕ್ಕಿಂತ ಹೆಚ್ಚು ಹಣ ಹಿಂದಿರುಗಿಸುವುದಾಗಿ ಹೇಳುವುದು ಇವುಗಳ ಲಕ್ಷಣ. 1992ರ ಸೆಬಿ ಕಾಯ್ದೆಯ 11ಎಎ ವಿಧಿಯ ಅನ್ವಯ ಇಂತಹ ಯೋಜನೆಗಳನ್ನು ಸಾಮೂಹಿಕ ಹೂಡಿಕೆ ಯೋಜನೆಗಳೆಂದು ಪರಿಗಣಿಸಲಾಗುತ್ತದೆ, ಮತ್ತು ಸೆಬಿಯ ನೋಂದಣಿ ಇಲ್ಲದೆ ಅವುಗಳನ್ನು ನಡೆಸುವಂತಿಲ್ಲ. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಸಂಸ್ಥೆಯ ಯೋಜನೆಗಳು ಈ ವರ್ಗಕ್ಕೆ ಸೇರುತ್ತವೆ ಎಂದು ಕಂಡುಕೊಂಡ ಸೆಬಿ, 2014ರಲ್ಲಿ ಹೊಸದಾಗಿ ಹಣ ಸಂಗ್ರಹಿಸದಂತೆ ತಡೆದು, 2016ರಲ್ಲಿ 7,000 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಹೂಡಿಕೆದಾರರಿಗೆ ಹಿಂದಿರುಗಿಸುವಂತೆ ಆದೇಶಿಸಿತು. ಹಣ ತೊಡಗಿಸಿದವರ ಸಂಖ್ಯೆ ಸುಮಾರು 50 ಲಕ್ಷವಾಗಿತ್ತು. ನಿಜವಾದ ರಜಾ ಸದಸ್ಯತ್ವದಲ್ಲಿ ಲಾಭದ ಭರವಸೆ ಇರುವುದಿಲ್ಲ. ಅಂತಹ ಭರವಸೆ ಕೊಡಲಾಗಿದೆ ಎಂಬುದೇ ಎಚ್ಚರಿಕೆಯ ಸೂಚನೆಯಾಗಿದೆ.

## ಕಾನೂನಿನ ರಕ್ಷಣೆ

ಯುರೋಪಿಯನ್ ಒಕ್ಕೂಟದ 2008ರ ಟೈಮ್‌ಶೇರ್ ನಿರ್ದೇಶನವು ಗ್ರಾಹಕರಿಗೆ ಕಾರಣ ಕೊಡದೆ 14 ದಿನಗಳೊಳಗೆ ಒಪ್ಪಂದದಿಂದ ಹಿಂದೆ ಸರಿಯುವ ಹಕ್ಕನ್ನು ನೀಡಿದೆ. ಆ ಅವಧಿಯಲ್ಲಿ ಮುಂಗಡ ಪಡೆಯುವುದನ್ನೂ ನಿಷೇಧಿಸಿದೆ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ರಚಿತವಾದ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಟೈಮ್‌ಶೇರ್ ವಿಹಾರಧಾಮಗಳ ಅನುಮೋದನೆ ಮತ್ತು ವರ್ಗೀಕರಣಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿದೆ. ಹಿಂದೆ ಸರಿಯಲು ದೊರೆಯುವ ದಿನಗಳು ಮಾತ್ರ ಆಯಾ ಒಪ್ಪಂದವನ್ನು ಅವಲಂಬಿಸಿವೆ.

ಸದಸ್ಯರ ಮುಖ್ಯ ಆಸರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇದು 2020ರ ಜುಲೈ 20ರಿಂದ ಜಾರಿಗೆ ಬಂದು, 1986ರ ಕಾಯ್ದೆಯ ಸ್ಥಾನವನ್ನು ಪಡೆಯಿತು. ಇದರ ಪ್ರಮುಖ ಅಂಶಗಳು ಹೀಗಿವೆ.

* ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಅಥವಾ ಬಹುಮಾನದ ಆಸೆ ತೋರಿಸುವುದು, ಬೆಲೆಯಲ್ಲಿ ಸೇರಿಸಿದ ವಸ್ತುವನ್ನು ಉಚಿತವೆಂದು ಬಿಂಬಿಸುವುದು ಅನುಚಿತ ವ್ಯಾಪಾರ ಪದ್ಧತಿಗಳಾಗಿವೆ.
* ಒಪ್ಪಂದ ಮುರಿದವರ ಮೇಲೆ ನಷ್ಟಕ್ಕೆ ಹೊಂದದಷ್ಟು ಭಾರಿ ದಂಡ ವಿಧಿಸುವ, ಸಕಾರಣವಿಲ್ಲದೆ ಒಂದೇ ಪಕ್ಷಕ್ಕೆ ರದ್ದುಪಡಿಸುವ ಅಧಿಕಾರ ಕೊಡುವ ಷರತ್ತುಗಳಿರುವ ಒಪ್ಪಂದವನ್ನು ಅನುಚಿತ ಒಪ್ಪಂದವೆಂದು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಬಹುದು.
* ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸಂಸ್ಥೆಯ ಕಚೇರಿ ಚೆನ್ನೈ ಅಥವಾ ಮುಂಬಯಿಯಲ್ಲಿದ್ದರೂ ಪಾಲಹಳ್ಳಿಯ ನಿವಾಸಿ ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು.
* ಸೇವೆಗಾಗಿ ಕೊಟ್ಟ ಮೊತ್ತ 50 ಲಕ್ಷ ರೂಪಾಯಿಯವರೆಗಿನ ದೂರುಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿಯವರೆಗೆ ದೂರಿನ ಶುಲ್ಕ ಇಲ್ಲ.
* ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು.

ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಉಳಿಯುತ್ತದೆ ಎಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎಮ್ಮಾರ್ ಎಂಜಿಎಫ್ ಮತ್ತು ಅಫ್ತಾಬ್ ಸಿಂಗ್ ನಡುವಿನ ಪ್ರಕರಣದಲ್ಲಿ ಎತ್ತಿಹಿಡಿಯಿತು. ದೂರು ಸಲ್ಲಿಸುವ ಮುನ್ನ ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಒಪ್ಪಂದದ ಪ್ರತಿ, ಪಾವತಿ ರಸೀದಿಗಳು, ಸಂದೇಶಗಳು ಮತ್ತು ಕೊಠಡಿ ನಿರಾಕರಿಸಿದ ಉತ್ತರಗಳು ದೂರಿಗೆ ಮುಖ್ಯ ಸಾಕ್ಷ್ಯಗಳಾಗುತ್ತವೆ.

## ಸದಸ್ಯತ್ವದಿಂದ ಹೊರಬರುವುದು

ಒಪ್ಪಂದದಲ್ಲಿ ಹೇಳಿದ ಆರಂಭದ ದಿನಗಳೊಳಗೆ ರದ್ದುಪಡಿಸುವುದು ಅತ್ಯಂತ ಕಡಿಮೆ ನಷ್ಟದ ಮಾರ್ಗ. ಇದನ್ನು ಬಾಯಿಮಾತಿನಲ್ಲಿ ತಿಳಿಸದೆ, ಮಿಂಚಂಚೆ ಮತ್ತು ಸ್ವೀಕೃತಿ ಸಹಿತ ಅಂಚೆಯ ಮೂಲಕ ಕಳುಹಿಸುವುದು ಕ್ಷೇಮ. ಆ ದಿನಗಳು ಕಳೆದ ಮೇಲೆ ಸಂಸ್ಥೆಯ ಒಪ್ಪಿಗೆಯೊಂದಿಗೆ ಬೇರೆಯವರಿಗೆ ವರ್ಗಾಯಿಸಬಹುದು. ಅದಕ್ಕೆ ವರ್ಗಾವಣೆ ಶುಲ್ಕವಿರಬಹುದು. ಮರುಮಾರಾಟದಲ್ಲಿ ಕೊಟ್ಟ ಬೆಲೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಹಳೆಯ ಸದಸ್ಯತ್ವವನ್ನು ಮಾರಿಸಿಕೊಡುವುದಾಗಿ ಮುಂಗಡ ಪಡೆದು ಕಣ್ಮರೆಯಾಗುವ ವಂಚಕರೂ ಇರುವುದರಿಂದ, ಇಂತಹ ಕರೆಗಳಿಗೆ ಮೊದಲೇ ಹಣ ಕೊಡುವುದು ಅಪಾಯಕರ.

ಮರುಮಾರಾಟದ ಬೆಲೆ ಕಡಿಮೆಯಿರುವುದು ಕೊಳ್ಳುವವರಿಗೆ ಅನುಕೂಲವೂ ಹೌದು. ಸಂಸ್ಥೆಯ ದಾಖಲೆಯಲ್ಲಿ ಬಾಕಿಯಿಲ್ಲವೆಂದು ಖಚಿತಪಡಿಸಿಕೊಂಡು, ಉಳಿದ ಅವಧಿಯ ಸದಸ್ಯತ್ವವನ್ನು ಕಡಿಮೆ ಬೆಲೆಗೆ ಪಡೆದರೆ ರಾತ್ರಿಯ ವೆಚ್ಚ ಇಳಿಯುತ್ತದೆ. ಆದರೆ ವಾರ್ಷಿಕ ಶುಲ್ಕ ಹಾಗೆಯೇ ಇರುತ್ತದೆ.

## ಪರ್ಯಾಯಗಳು

ಕರ್ನಾಟಕದಲ್ಲಿ ಕಡಿಮೆ ವೆಚ್ಚದ ವಸತಿಗೆ ಹಲವು ಮಾರ್ಗಗಳಿವೆ. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ರಾಜ್ಯದ ಅನೇಕ ಪ್ರವಾಸಿ ಸ್ಥಳಗಳಲ್ಲಿ ಮಯೂರ ಹೆಸರಿನ ಹೋಟೆಲುಗಳನ್ನು ನಡೆಸುತ್ತದೆ. ಶ್ರೀರಂಗಪಟ್ಟಣದ ಮಯೂರ ರಿವರ್ ವ್ಯೂ ಅವುಗಳಲ್ಲಿ ಒಂದು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾದ ಸದಸ್ಯತ್ವ, ಯಾತ್ರಿ ನಿವಾಸಗಳು, ಛತ್ರಗಳು, ಕೊಡಗು ಮತ್ತು ಚಿಕ್ಕಮಗಳೂರಿನ ಹೋಂಸ್ಟೇಗಳು ಇತರ ಆಯ್ಕೆಗಳಾಗಿವೆ. ವಿಹಾರಧಾಮದಲ್ಲಿಯೇ ತಂಗಬಯಸುವವರಿಗೆ ಮಳೆಗಾಲದಲ್ಲಿ ಅಥವಾ ವಾರದ ನಡುವಿನ ದಿನಗಳಲ್ಲಿ ಕಡಿಮೆ ದರದ ಕೊಠಡಿಗಳು ಸದಸ್ಯತ್ವವಿಲ್ಲದೆಯೂ ದೊರೆಯುತ್ತವೆ.

ಪ್ರವಾಸಕ್ಕೆಂದೇ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಆವರ್ತ ಠೇವಣಿ ಇಡುವುದು ಮತ್ತೊಂದು ಮಾರ್ಗ. ತಿಂಗಳಿಗೆ 2,000 ರೂಪಾಯಿಯಂತೆ ಉಳಿಸಿದರೆ ವರ್ಷಕ್ಕೆ 24,000 ರೂಪಾಯಿ ಕೂಡುತ್ತದೆ; 2,000 ರೂಪಾಯಿಯ ಕೊಠಡಿಯಲ್ಲಿ 7 ರಾತ್ರಿ ತಂಗಿದ ಮೇಲೂ 10,000 ರೂಪಾಯಿ ಊಟ ಮತ್ತು ಪ್ರಯಾಣಕ್ಕೆ ಉಳಿಯುತ್ತದೆ. ಪ್ರವಾಸ ಹೋಗದ ವರ್ಷ ಆ ಹಣ ಕುಟುಂಬದ ಕೈಯಲ್ಲಿಯೇ ಇರುತ್ತದೆ.